ಬುಧವಾರದ ಗುಳಿಗೆ

ಲಿಂಗಸುಗೂರು
11 ಜೂನ್ 2025

ಪ್ರೀತಿಯ ಜಂಬತ್ತಿ,

ಮೊನ್ನೆ ಮಸ್ಕಿಯಲ್ಲಿ ಡಾಕ್ಟರನ್ನು ಕಂಡ ಮೇಲೆ ನೀವು ಸಿಂಧನೂರಿನ ಬಸ್ಸು ಹತ್ತಿದಿರಿ, ನಾನು ಈ ಕಡೆಯ ಬಸ್ಸಿಗೆ ನಿಂತೆ. ಕಿಟಕಿಯಿಂದ ಕೈ ಬೀಸಲು ಹೊರಟವರು ಬೆರಳು ಬಿಚ್ಚಲಾಗದೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿರಿ. ನಾನು ನೋಡಲಿಲ್ಲವೆಂದು ನೀವು ತಿಳಿದಿರಬೇಕು.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಆರಾಮ ಅದೀನಿ, ನೀ ಉಂಡೇನು?" ಎಂದು ಕೇಳಿ ಇಟ್ಟುಬಿಡುತ್ತೀರಿ. ದಿನವೂ ಬೆರಳಿಗೆ ಹಗುರ ಕೆಲಸ ಕೊಡಬೇಕು, ಊತ ಇಳಿಯುವ ತನಕ ರೊಟ್ಟಿ ಬಡಿಯುವುದು ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಹಾಗಾದರೆ ಆ ಕೈ ಪೆನ್ನನ್ನಾದರೂ ಹಿಡಿಯಲಿ. ನನಗೆ ಕಾಗದ ಬರೆಯಿರಿ. ನಿಮ್ಮ ಅಕ್ಷರ ನೋಡಿದರೆ ಬೆರಳು ಹೇಗಿವೆಯೆಂದು ನನಗೆ ತಿಳಿಯುತ್ತದೆ.

ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅಲ್ಲಿ ಅವಸರದಲ್ಲಿ ಕನ್ನಡ ಮಾಡಿದೆ. ಈಗ ಸಮಾಧಾನವಾಗಿ ಬರೆಯುತ್ತೇನೆ. ನಮ್ಮ ರಕ್ತದಲ್ಲಿ ಬಿಳಿ ಕಣಗಳಿವೆ. ಅವು ಕಾವಲಿನವು. ಹೊರಗಿನಿಂದ ಬಂದ ರೋಗಾಣುವನ್ನು ಗುರುತು ಹಿಡಿದು, ಸುತ್ತುವರಿದು, ನುಂಗುತ್ತವೆ. ಒಮ್ಮೆ ಕಂಡ ವೈರಿಯನ್ನು ವರ್ಷಗಟ್ಟಲೆ ನೆನಪಿಡುವಂಥವೂ ಅವುಗಳಲ್ಲಿವೆ. ಗಾಯವಾದಲ್ಲಿಗೆ ಓಡಿ ಬಂದು, ಕೆಲಸ ಮುಗಿಸಿ, ಅಲ್ಲೇ ಸಾಯುವಂಥವೂ ಇವೆ. ಇಷ್ಟು ವರ್ಷದಿಂದ ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುತ್ತಿದ್ದರೂ ಆ ಪುಟ ಬಂದಾಗ ನನ್ನ ದನಿ ಇಂದಿಗೂ ಸ್ವಲ್ಪ ಏರುತ್ತದೆ. ನಿಮ್ಮ ಮೈಯಲ್ಲಿ ಈ ಕಾವಲು ಕಣಗಳು ನಿಮ್ಮದೇ ಬೆರಳ ಕೀಲುಗಳನ್ನು ಪರರದೆಂದು ತಿಳಿದಿವೆ. ಅದಕ್ಕೇ ಊತ, ಅದಕ್ಕೇ ಬೆಳಗಿನ ಬಿಗಿತ. ಹಿಟ್ಟು ನಾದಿದ್ದರಿಂದಾಗಲೀ, ತಣ್ಣೀರಿನಲ್ಲಿ ಕೈ ಆಡಿಸಿದ್ದರಿಂದಾಗಲೀ ಬಂದ ಬೇನೆಯಲ್ಲ ಇದು. ಗುಳಿಗೆ ಕಾವಲಿನ ಅಬ್ಬರವನ್ನು ತಗ್ಗಿಸುತ್ತದೆ.

"ರೋಗನಿರೋಧಕ", "ಜೀವಕೋಶ" ಎಂದೆಲ್ಲ ಬರೆದು ಹೊಡೆದುಹಾಕಿದೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತವಳಿಗೆ ಆ ಪದಗಳು ಇನ್ನೊಬ್ಬರ ಮನೆಯ ಪಾತ್ರೆಗಳಂತೆ, ಹಿಡಿಯುವಾಗ ಎಚ್ಚರ ಬೇಕು. ಕಾವಲು ಕಣ ಎಂದರೆ ಸಾಕಲ್ಲವೇ?

ಔಷಧದ ಮಾತು ಸುಲಭ: ವಾರಕ್ಕೊಂದು ಗುಳಿಗೆ, ಊಟವಾದ ಮೇಲೆ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ.

ಬಸ್ಸು ಹೊರಡುವಾಗ ನೀವು ಕೇಳಿದಿರಿ: "ಗಂಗಾ, ಮತ್ತ ನಾ ರೊಟ್ಟಿ ಬಡೀತೀನೋ ಇಲ್ಲೋ? ಖರೇ ಹೇಳು." ಮಾವ ಹೋದ ಮೇಲೆ ನೀವು ಎದ್ದುನಿಂತದ್ದೇ ಆ ರೊಟ್ಟಿ ಅಂಗಡಿಯಿಂದ.  ಉತ್ತರ ತಿಳಿದ ದಿನ ಖರೇ ಹೇಳುತ್ತೇನೆ.

ನಿಮ್ಮ ಅಣ್ಣನ ಮಗಳು,
ಶಿವಗಂಗಾ

*

ಸಿಂಧನೂರು
22 ಜೂನ್ 2025

ಗಂಗಾಗ ಶರಣು.

ಅಕ್ಷರ ಕಪ್ಪಿ ಕುಣದಂಗ ಆಗ್ಯಾವ, ನಗಬ್ಯಾಡ. ನಾಕು ಸಾಲಿಗೊಮ್ಮೆ ಪೆನ್ ಇಟ್ಟು ಬೆರಳು ತಿಕ್ಕೋತೀನಿ.

ನಿನ್ನ ಕಾಗದ ಲಾಲ್‌ಬೀಗೆ ಓದಿ ಹೇಳಿದೆ. ಅಂಗಡಿ ತೆಗೆದಾಗಿಂದ ನನ್ನ ಎದುರಿಗೆ ಕುಂತು ರೊಟ್ಟಿ ಬಡದಾಕಿ, ಅಕಿಗೆ ಹೇಳದ ಮತ್ಯಾರಿಗೆ ಹೇಳ್ಲಿ? ಹಂಚಿನ ಮ್ಯಾಲ ರೊಟ್ಟಿ ಹೊಳ್ಳಿಸಿಕೋಂತ ಅಂದ್ಲು, "ಅಮ್ಮಾ, ನಿಮ್ಮ ಕಾವಲು ನಮ್ಮ ಗಲ್ಲಿ ನಾಯಿ ಇದ್ದಂಗ ಐತ್ರಿ. ಕಳ್ಳರು ಬಂದ್ರ ಬಾಲ ಅಲ್ಲಾಡಸ್ತೈತಿ, ಮನಿ ಮಂದಿ ಬಂದ್ರ ಕಡೀತೈತಿ." ಸೊಸಿ ದುರ್ಗಾದೇವಿ ಒಳಗಿಂದ, "ಹಂಗಾರ ಅದಕ್ಕೊಂದು ರೊಟ್ಟಿ ಹಾಕ್ರಿ, ಸುಮ್ನಾಗ್ತೈತಿ" ಅಂದ್ಲು. "ಬಡದು ಹಾಕಾಕ ಕೈ ಎಲ್ಲಿ ಐತಿ ಬೇ?" ಅಂದೆ ನಾ. ಮೂವರೂ ನಕ್ಕಿವಿ.

ನನ್ನ ರೊಟ್ಟಿ ಬಡಿಯೋ ಹಲಗಿ ಗ್ವಾಡಿಗೆ ಆನಿಸಿ ಇಟ್ಟಾರ. ಬಂದ ಗಿರಾಕಿ, "ಯಾಕ್ರಿ ಜಂಬಮ್ಮ, ಸುಮ್ನ ಕುಂತೀರಿ?" ಅಂತಾರ. ಆ ಮಾತು ಬ್ಯಾನಿಗಿಂತ ಜಾಸ್ತಿ ಚುಚ್ಚತೈತಿ.

ಗುಳಿಗಿ ಚಿಂತಿ ನಿನಗ ಬ್ಯಾಡ. ಸೋಮವಾರ ಹ್ಯಾಂಗೂ ನನ್ನ ವಾರ. ಪೂಜಿ ಮುಗಿಸಿ, ಒಪ್ಪತ್ತಿನ ಊಟ ಮಾಡಿ, ನುಂಗತೀನಿ. ನಿನ್ನ ಮಾತು ಮೀರಂಗಿಲ್ಲ.

ಬೆರಳು ಸಾಕು ಅನ್ನಾಕತ್ಯಾವ.
ನಿನ್ನ ಜಂಬತ್ತಿ

*

ಲಿಂಗಸುಗೂರು
9 ಜುಲೈ 2025

ಪ್ರೀತಿಯ ಅತ್ತಿ,

ಲಾಲ್‌ಬೀಯ ನಾಯಿಯನ್ನು ನನ್ನ ತರಗತಿಗೆ ಕರೆದೊಯ್ದೆ. ಮಕ್ಕಳು ನಕ್ಕರು, ಪಾಠ ನೆನಪಿಟ್ಟುಕೊಂಡರು. ನನ್ನ ಹೋಲಿಕೆಗಳಿಗೆ ಅವರು ಹಾಗೆ ನಕ್ಕಿದ್ದಿಲ್ಲ.

ನಿನ್ನೆ ನಿಮ್ಮ ಮಗ ಶರಣಬಸವ ಫೋನು ಮಾಡಿದ್ದ. "ಅವ್ವಗ ನಾವು ಅಡ್ಡಾಡಾಕ ಬಿಡವಲ್ಲಿವಿ ಅಕ್ಕಾ, ಬ್ಯಾನಿ ಜಾಸ್ತಿ ಆದೀತು" ಎಂದ. ಬಿಡಲು ಹೇಳಿದ್ದೇನೆ. ಡಾಕ್ಟರೂ ಅದನ್ನೇ ಹೇಳಿದ್ದರು: ದಿನವೂ ನಡೆಯಬೇಕು, ಬಿಸಿನೀರಿನಲ್ಲಿ ಕೈಯಿಟ್ಟು ಬೆರಳು ಮಡಚಿ ಬಿಚ್ಚಬೇಕು. ನೋವು ಹೆಚ್ಚಾದರೆ ನಿಲ್ಲಿಸಬೇಕು.

ಇದರ ಬಗ್ಗೆ ಓದಿದ್ದೊಂದನ್ನು ನಿಮಗೆ ಹೇಳದೆ ಇರಲಾರೆ. ನಾವು ನಡೆದಾಗ, ದುಡಿದಾಗ, ಸ್ನಾಯುವಿಗೆ ಸಣ್ಣ ಸಣ್ಣ ಪೆಟ್ಟಾಗುತ್ತವೆ. ಪೆಟ್ಟು ಬಿದ್ದಲ್ಲಿಗೆ ಕಾವಲು ಕಣಗಳು ಧಾವಿಸುತ್ತವೆ. ಅವು ಹಾಗೇ ಕಾದಾಡುತ್ತ ಉಳಿದರೆ ಸ್ನಾಯುವೇ ಕೆಡುತ್ತದೆ. ಆಗ ಅದೇ ಕುಲದ ಬೇರೊಂದು ಬಗೆಯ ಕಣ ಬರುತ್ತದೆ. ಅದರ ಕೆಲಸ ಜಗಳ ಬಿಡಿಸುವುದು. ಆ ಕಣಗಳಿಲ್ಲದ ಇಲಿಗಳನ್ನು ಪ್ರಯೋಗಕ್ಕಾಗಿ ಓಡಿಸಿ ನೋಡಿದ್ದಾರೆ. ಎಷ್ಟು ಓಡಿದರೂ ಅವಕ್ಕೆ ಬಲ ಬರಲಿಲ್ಲ, ಸ್ನಾಯು ಉರಿದುಕೊಂಡೇ ಇತ್ತು. ಅವು ಇದ್ದ ಇಲಿಗಳು ಓಡಿದಷ್ಟೂ ಗಟ್ಟಿಯಾದವು. ದುಡಿಮೆಯಿಂದ ಬಲ ಬರುವುದು ದುಡಿಮೆಯಿಂದ ಮಾತ್ರವಲ್ಲ, ಒಳಗೆ ಯಾರೋ ಸಮಾಧಾನ ಹೇಳುವವರು ಇರುವುದರಿಂದ. ಓದುತ್ತ ಓದುತ್ತ ಪುಸ್ತಕ ಮುಚ್ಚಿ ನನ್ನ ಕೈಯನ್ನೇ ನೋಡಿಕೊಂಡೆ.

ಇಲಿಯ ಮಾತನ್ನು ಮನುಷ್ಯರಿಗೆ, ಅದರಲ್ಲೂ ನಿಮ್ಮ ಕೀಲಿಗೆ, ಹಾಗೇ ಹೊಂದಿಸಬಾರದೆಂದು ಗೊತ್ತು. ನಿಮಗೆ ಧೈರ್ಯ ಹೇಳುತ್ತಿದ್ದೇನೋ, ನನ್ನ ಓದಿನ ಸಡಗರವನ್ನು ನಿಮ್ಮ ನೋವಿನ ಮೇಲೆ ಹೇರುತ್ತಿದ್ದೇನೋ? ಬೇಸರವಾದರೆ ಹೇಳಿಬಿಡಿ.

ಈ ತಿಂಗಳ ರಕ್ತ ಪರೀಕ್ಷೆ ಚೆನ್ನಾಗಿ ಬಂದಿದೆ. ಗುಳಿಗೆ ತಪ್ಪಿಸಬೇಡಿ.

ನಿಮ್ಮ ನಡಿಗೆಯ ಸುದ್ದಿಗಾಗಿ ಕಾಯುವ,
ಗಂಗಾ

*

ಸಿಂಧನೂರು
14 ಆಗಸ್ಟ್ 2025

ಗಂಗಾ,

ನಿನ್ನ ಇಲಿ ಮಾತು ಕೇಳಿ ಮುಂಜಾನೆ ಕಾಲುವಿ ತನಕ ನಡಿಯಾಕತ್ತೀನಿ. ಅಕ್ಷರ ನೋಡು, ನೆಟ್ಟಗ ನಿಂತಾವ. ಒಂದು ಖುಷಿ ಸುದ್ದಿ: ಹೋದ ವಾರ ದುರ್ಗಾದೇವಿ ಪ್ಯಾಟಿಗೆ ಹೋದಾಗ ಕದ್ದು ಒಂದು ರೊಟ್ಟಿ ಬಡದೆ. ತುಂಬಿದ ಚಂದ್ರನಂಗ ಬಂತು. ಲಾಲ್‌ಬೀ, "ಇದನ್ನ ಮಾರಬ್ಯಾಡ್ರಿ ಅಮ್ಮಾ, ನಾವಿಬ್ರೂ ತಿನ್ನೂಣು" ಅಂತ ಉಳ್ಳಾಗಡ್ಡಿ ಜಜ್ಜಿ ತಂದ್ಲು. ತಿಂದಿವಿ. ಖಾರಕ್ಕ ಅಂತ ಹೇಳಿ ಕಣ್ಣೊರಸಿಕೊಂಡಿವಿ.

ಆದ್ರ ನಾಕು ದಿನದಿಂದ ಬಾಯಾಗ ಹುಣ್ಣು ಎದ್ದಾವ. ನೀರು ಕುಡದ್ರೂ ಉರೀತೈತಿ. ನಿನ್ನೆ ಜರಾ ಜ್ವರ ಬಂದಿತ್ತು. ಶ್ರಾವಣದ ಉಪಾಸಕ್ಕ ಉಷ್ಣ ಆಗಿರಬೇಕು. ಈ ಸಲ ಕೈ ಬರ್ಲಿ ಅಂತ ಬೇಡಿಕೊಂಡು ಸೋಮವಾರ, ಶುಕ್ರವಾರ, ಶನಿವಾರ ಮೂರೂ ವಾರ ಹಿಡದೀನಿ. ನೀ ಹೇಳಿದಂಗ ವಾರಕ್ಕೊಂದು ಗುಳಿಗಿ, ಒಂದೂ ತಪ್ಪಿಸಿಲ್ಲ.

ಶ್ರಾವಣ ಮುಗದ ಮ್ಯಾಲ ಬಾ, ನಿನಗೂ ಒಂದು ಬಡದು ಕೊಡ್ತೀನಿ.
ಜಂಬತ್ತಿ

*

ಲಿಂಗಸುಗೂರು
31 ಆಗಸ್ಟ್ 2025

ಅತ್ತಿ,

ಆಸ್ಪತ್ರೆಯಲ್ಲಿ ನಿಮ್ಮ ಮಂಚದ ಪಕ್ಕ ಕುಳಿತಾಗ ಇದನ್ನು ಹೇಳಲಿಲ್ಲ. ನಿಮಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಉತ್ತರ ಕೊಡಲಾರದವರ ಮುಂದೆ ಹೇಳಿಕೊಂಡು ಹಗುರಾಗುವುದು ಸರಿಯೆನಿಸಲಿಲ್ಲ. ಈಗ ನೀವು ಮನೆಗೆ ಬಂದಿದ್ದೀರಿ, ಗಂಜಿ ಕುಡಿಯುತ್ತಿದ್ದೀರಿ.

ನಿಮ್ಮ ಕಾಗದ ನನಗೆ ಸಿಕ್ಕಿದ್ದು ಹದಿನೆಂಟರ ಮಧ್ಯಾಹ್ನ, ಕಾಲೇಜಿನಲ್ಲಿ. ರೊಟ್ಟಿಯ ಮಾತು ಓದಿ ಪಕ್ಕದವರಿಗೂ ಓದಿ ಹೇಳಿದೆ. ಹುಣ್ಣಿನ ಮಾತಿಗೆ ಬಂದಾಗ ಓದು ನಿಧಾನವಾಯಿತು. "ಮೂರೂ ವಾರ ಹಿಡದೀನಿ, ವಾರಕ್ಕೊಂದು ಗುಳಿಗಿ." ಎರಡು ಸಲ ಓದಿದೆ, ಮೂರನೆಯ ಸಲ ಎದ್ದು ನಿಂತಿದ್ದೆ. ಏಳು ದಿನಕ್ಕೆ ಒಂದು ಎಂಬರ್ಥದಲ್ಲಿ ನಾನು ಹೇಳಿದ "ವಾರ" ನಿಮಗೆ ಉಪವಾಸದ ವಾರವಾಗಿ ಕೇಳಿತ್ತು. ಒಂದೇ ವಾರ ಹಿಡಿಯುವ ತನಕ ಎರಡೂ ಅರ್ಥ ಸೋಮವಾರದಲ್ಲಿ ಜೊತೆಯಾಗಿ ನಡೆದವು. ಶ್ರಾವಣ ಬಂದು ಅವನ್ನು ಬೇರೆ ಮಾಡಿತು, ಏಳು ದಿನಕ್ಕೆ ಮೂರು ಗುಳಿಗೆಯಾಯಿತು.

ಅಂದೂ ಸೋಮವಾರ. ಫೋನು ಮಾಡಿದೆ. ದುರ್ಗಾದೇವಿ ಎತ್ತಿದಳು. "ಅತ್ತಿ ಊಟಕ್ಕ ಕುಂತಾರ, ಗುಳಿಗಿಗೆ ನೀರು ಒಯ್ಯಾಕತ್ತೀನಿ, ಆಮ್ಯಾಲ ಮಾಡ್ಲೇನ್ರಿ ಅಕ್ಕಾ?" ಎಂದಳು. ನಾನು ಕಿರುಚಿದೆನಂತೆ. ಅವಳ ಕೈಯಿಂದ ತಂಬಿಗೆ ಬಿದ್ದ ಸದ್ದು ಮಾತ್ರ ನನಗೆ ನೆನಪಿದೆ.

ಆ ಗುಳಿಗೆ ಹೆಚ್ಚಾದರೆ ಕಾವಲನ್ನೇ ಬರಿದು ಮಾಡುತ್ತದೆ. ಅಂದು ಸಂಜೆ ಆಸ್ಪತ್ರೆಗೆ ಸೇರಿಸಿದಾಗ ನಿಮ್ಮ ರಕ್ತದಲ್ಲಿ ಬಿಳಿ ಕಣಗಳು ಎಷ್ಟು ಕಡಿಮೆಯಾಗಿದ್ದವೆಂದರೆ, ವರದಿ ನೋಡಿದ ಡಾಕ್ಟರು ಕುರ್ಚಿ ಹಿಂದೆ ಸರಿಸಿ ಎದ್ದರು. ಮುಂದಿನ ಕೆಲವು ದಿನ ನಾನು ಅಂಕಿಗಳನ್ನೇ ಕಾದೆ. ಮೊದಲು ಏನೂ ಇಲ್ಲ. ಆಮೇಲೆ ಸ್ವಲ್ಪ. ಆಮೇಲೆ ಇನ್ನಷ್ಟು. ಎಲುಬಿನ ಒಳಗೆ, ಯಾರ ಕಣ್ಣಿಗೂ ಬೀಳದ ಕಡೆ, ನಿಮ್ಮ ಮೈ ಹೊಸ ಕಾವಲನ್ನು ಹಡೆಯುತ್ತಿತ್ತು. ಅಷ್ಟು ಸೋತ ಮೈಗೆ ಅದನ್ನು ಯಾರು ನೆನಪಿಸಿದರು? ಇಷ್ಟು ವರ್ಷ ಪಾಠ ಮಾಡಿದ್ದು ನಿಜವೆಂದು ನನಗೆ ಆ ದಿನಗಳಲ್ಲಿ ಗೊತ್ತಾಯಿತು.

ಕಠಿಣ ಪದಗಳನ್ನೆಲ್ಲ ಹುಡುಕಿ, ತಿದ್ದಿ, ಹಗುರ ಮಾಡಿದೆ. ಎಡವಿದ್ದು ಹುಡುಕಲೇ ಇಲ್ಲದ ಪದದಲ್ಲಿ. ನಿಮ್ಮ ಮನೆಯಲ್ಲಿ ಬೆಳೆದವಳು ನಾನು. ವಾರದ ದಿನ ನಿಮ್ಮ ಜೊತೆ ಒಪ್ಪತ್ತು ಉಂಡವಳು. ನನಗೆ ತಿಳಿಯಬೇಕಿತ್ತು.

ಗಂಗಾ

*

ಸಿಂಧನೂರು
21 ಸೆಪ್ಟೆಂಬರ್ 2025

ಗಂಗಾಗ ಜಂಬತ್ತಿ ಬರಸೂದು. ಕೈ ಮತ್ತ ಮುಷ್ಟಿ ಕಟ್ಟೈತಿ, ಅದಕ್ಕ ದುರ್ಗಾದೇವಿ ಬರ್ಯಾಕತ್ಯಾಳ. ಇಕಿ ನಾ ಹೇಳಿದ್ದಷ್ಟ ಬರೀಬೇಕು. (ಅಕ್ಕಾ, ಹೇಳಿದ್ದಷ್ಟ ಬರ್ಯಾಕತ್ತೀನಿ. ಅತ್ತಿ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ, ಇದು ನನ್ನ ಮಾತು.)

ತಪ್ಪು ನಿಂದು ಅಂತ ನೀ ಬರದಿ. ವಾರ ಹಿಡದಾಕಿ ನಾನು, ವಾರ ಅಂದಾಕಿ ನೀನು, ಪಾಲು ಮಾಡಾಕ ಕುಂತ್ರ ಸಂಜಿ ಆಗ್ತೈತಿ. ಬಿಡು.

ಮಸ್ಕಿ ಡಾಕ್ಟರು ಗುಳಿಗಿ ಮತ್ತ ಶುರು ಮಾಡೂಣು, ಕಮ್ಮಿ ಕೊಡ್ತೀನಿ, ಎಂಟು ದಿನಕ್ಕೊಮ್ಮೆ ರಕ್ತ ನೋಡ್ತೀನಿ ಅಂತಾರ. ನಾ ಒಲ್ಲೆ ಅಂದೀನಿ. ಕಾವಲು ಒಟ್ಟ ಇಲ್ಲದ ಮನಿ ಹ್ಯಾಂಗಿರತೈತಿ, ಅದನ್ನ ಮಂಚದ ಮ್ಯಾಲ ಮಲಗಿ ನೋಡೀನಿ. ಉಗುಳು ನುಂಗಾಕ ಅಂಜಿಕಿ ಬರತಿತ್ತು. ಬೆರಳು ಹೋದ್ರ ಹೋಗ್ಲಿ, ನನ್ನ ಕಾವಲು ನನಗಿರ್ಲಿ.

ಶರಣಬಸವ ಅಂಗಡಿ ಲಾಲ್‌ಬೀಗೆ ಬಿಟ್ಟುಕೊಡೂಣು ಅಂತಾನ. ಲಾಲ್‌ಬೀ, "ಅಮ್ಮ ಕುಂತ್ರ ಅಂಗಡಿ, ಅಮ್ಮ ಎದ್ರ ಬರೇ ವಲಿ" ಅಂತ ಅವನ್ನ ಬೈದ್ಲು. (ಅಕ್ಕಾ, ಮುಂಜಾನಿ ಅತ್ತಿ ಗ್ವಾಡಿಗಿದ್ದ ಹಲಗಿ ಸೆರಗಿನಿಂದ ಒರಸಾಕತ್ತಿದ್ರು. ನಾ ನೋಡೀನಿ ಅಂತ ಅವರಿಗೆ ಗೊತ್ತಿಲ್ಲ. ಇದನ್ನ ಓದಿ ಹೇಳಂಗಿಲ್ಲ.)

ಹೇಳಿ ಬರಸಿದಾಕಿ ಜಂಬತ್ತಿ,
ಬರದಾಕಿ ದುರ್ಗಾದೇವಿ

*

ಲಿಂಗಸುಗೂರು
29 ಸೆಪ್ಟೆಂಬರ್ 2025

ಅತ್ತಿ,

ಗುಳಿಗೆ ತೆಗೆದುಕೊಳ್ಳಿ ಎಂದು ಹೇಳಲು ಈ ಕಾಗದವಲ್ಲ. ಹಾಗೆ ಹೇಳುವ ಸಲಿಗೆ ನನಗೆ ಸದ್ಯ ಇಲ್ಲ. ತೆಗೆದುಕೊಳ್ಳದಿದ್ದರೆ ಕೀಲು ಸವೆಯುತ್ತದೆ, ಸವೆದದ್ದು ತಿರುಗಿ ಬರುವುದಿಲ್ಲ. ಅದನ್ನು ಮುಚ್ಚಿಡಲಾರೆ.

ದಸರೆಯ ರಜೆ ಮುಗಿದ ಮೇಲೆ ಒಂದು ದಿನ ನನ್ನ ಕಾಲೇಜಿಗೆ ಬರುತ್ತೀರಾ? ಶರಣಬಸವ ಕರೆತರುತ್ತಾನೆ. ನಿಮ್ಮ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತೇನೆ. ಇಷ್ಟು ದಿನ ಯಾರ ಬಗ್ಗೆ ಮಾತಾಡುತ್ತಿದ್ದೇವೋ ಅವರನ್ನು ನೀವೇ ನೋಡಿ. ಆಮೇಲೆ ನಿಮ್ಮ ಇಷ್ಟ.

ಗಂಗಾ

*

ಸಿಂಧನೂರು
15 ಅಕ್ಟೋಬರ್ 2025

ಗಂಗಾ,

ಇದು ನನ್ನ ಕೈಲೆ ಬರದದ್ದು. ಬರಿಯಾಕ ಎರಡು ದಿನ ಹಿಡೀತು, ಇರ್ಲಿ.

ನಿನ್ನ ಕಾಲೇಜಿಂದ ಬಂದ ಕೂಡ್ಲೇ ಲಾಲ್‌ಬೀ ವಲಿ ಬಿಟ್ಟು ಎದ್ದು ಬಂದ್ಲು. "ನೋಡಿದ್ರೇನ್ರಿ ಅಮ್ಮಾ? ನಾಯಿ ಹಂಗ ಇದ್ವೇನು?"

"ನಾಯಿ ಅಲ್ಲ ಬೇ. ಬದನಿಕಾಯಿ ಬಣ್ಣದ ಕಾಳು, ಮೂರು ಮೂರು ಗಂಟು ಹಾಕಿದಂಗ. ಗಂಗಾ ಬಣ್ಣ ಹಾಕಿದ್ಲಂತ."

"ಬಹಳ ಇದ್ವೇನು?"

"ಎಲ್ಲಿ ಬಹಳ? ಸಂತಿ ತುಂಬ ಕೆಂಪು ಕಣ, ನಡುವ ಇವು ಒಂದಿಲ್ಲಿ ಒಂದಲ್ಲಿ. ಮಗಳನ್ನ ಹುಡುಕೋ ತಾಯಿ ಹಂಗ ನಿಂತಿದ್ವು."

"ಸಿಟ್ಟಿನ್ಯಾಗ ಇದ್ದಂಗ ಕಂಡ್ವೇನು?"

ನಾ ವಿಚಾರ ಮಾಡಿ ಹೇಳಿದೆ, "ಇಲ್ಲ. ನನ್ನ ಮ್ಯಾಲ ಸಿಟ್ಟಿಲ್ಲ ಅವಕ್ಕ. ಗುರ್ತು ತಪ್ಯಾವ, ಅಷ್ಟ."

ಲಾಲ್‌ಬೀ ಹೊಳ್ಳಿ ವಲಿ ಮುಂದ ಕುಂತ್ಲು. ಆಮ್ಯಾಲ, "ಗುರ್ತು ತಪ್ಪಿದವರನ್ನ ಹೊಡದು ಓಡಸಂಗಿಲ್ಲ, ಕೈ ಹಿಡದು ಕುಂದ್ರಸಬೇಕ್ರಿ" ಅಂದ್ಲು.

ನಿನಗೊಂದು ಮಾತು ಹೇಳಬೇಕು. "ಇವೆಲ್ಲ ಹೊಸಾವು ಅತ್ತಿ, ಆಸ್ಪತ್ರಿಯಿಂದ ಬಂದ ಮ್ಯಾಲ ಹುಟ್ಟಿದಾವು" ಅಂತ ನೀ ಅಂದಾಗ ನಾ ಕನ್ನಡಕ ತಗದು ಒರಸಿಕೊಂಡ್ನಲ್ಲ, ಕನ್ನಡಕಕ್ಕ ಏನೂ ಆಗಿರಲಿಲ್ಲ. ಈ ಮುದುಕಿ ಮೈ ಇಷ್ಟು ಹಡೀತೈತಿ ಅಂತ ನನಗ ಗೊತ್ತಿರಲಿಲ್ಲ. ಒಮ್ಮಿ ಹಡದದ್ದು ಮತ್ತ ಹಡೀತೈತಿ. ಅಂಜಿಕಿ ಅಲ್ಲೇ ನಿನ್ನ ಮೇಜಿನ ಮ್ಯಾಲ ಬಿಟ್ಟು ಬಂದೆ.

ಮಸ್ಕಿಗೆ ಹೋಗಿದ್ದೆ. ಡಾಕ್ಟರು, "ಯಾವ ದಿನ ತಗೋತೀರಿ, ದಿನದ ಹೆಸರು ಹೇಳ್ರಿ" ಅಂದ್ರು. ಬುಧವಾರ ಅಂದೆ. ನಮ್ಮ ಮನ್ಯಾಗ ಬುಧವಾರ ಯಾರದೂ ವಾರ ಅಲ್ಲ. ಶ್ರಾವಣ ಬರ್ಲಿ, ಕಾರ್ತೀಕ ಬರ್ಲಿ, ಅವತ್ತು ಎಲ್ಲಾರೂ ಹೊಟ್ಟಿ ತುಂಬ ಉಣ್ತಾರ. ದೇವರ ದಿನ ದೇವರಿಗೆ, ಗುಳಿಗಿ ದಿನ ಗುಳಿಗಿಗೆ. ಇವತ್ತು ಮೊದಲನೇದು ನುಂಗೀನಿ. ದುರ್ಗಾದೇವಿ ಕ್ಯಾಲೆಂಡರಿನ್ಯಾಗ ಬುಧವಾರಕ್ಕೆಲ್ಲ ಕುಂಕುಮ ಹಚ್ಚ್ಯಾಳ.

ನೀನೂ ಇನ್ನ ಮ್ಯಾಲ ವಾರಕ್ಕೊಂದು ಅನಬ್ಯಾಡ. ಬುಧವಾರದ ಗುಳಿಗಿ ಅನ್ನು.

ಜಂಬತ್ತಿ

*

ಲಿಂಗಸುಗೂರು
23 ನವೆಂಬರ್ 2025

ಪ್ರೀತಿಯ ಜಂಬತ್ತಿ,

ಬುಧವಾರದ ಗುಳಿಗೆ. ಹೇಳಿದಂತೆ ಬರೆದಿದ್ದೇನೆ.

ರಕ್ತದ ವರದಿಗಳೆಲ್ಲ ಸರಿಯಾಗಿವೆ. ಊತ ಇಳಿಯುತ್ತಿದೆಯೆಂದು ಡಾಕ್ಟರು ಹೇಳಿದರು. ಇನ್ನೊಂದನ್ನೂ ಹೇಳಿದರು, ಅದನ್ನು ನಿಮಗೆ ತಿಳಿಸಲು ಶರಣಬಸವ ಹಿಂಜರಿಯುತ್ತಿದ್ದಾನೆ. ಎಕ್ಸ್‌ರೇಯಲ್ಲಿ ಬಲಗೈಯ ನಡುಬೆರಳಿನ ಕೀಲು ಸವೆದಿದೆ. ಬೇರೆ ಬೆರಳು ಬಿಚ್ಚಿದರೂ ಅದು ಪೂರ್ತಿ ನೆಟ್ಟಗಾಗುವುದಿಲ್ಲ.

ರೊಟ್ಟಿ ಬಡಿಯುತ್ತೀನೋ ಇಲ್ಲವೋ ಎಂದು ನೀವು ಕೇಳಿದ್ದಿರಿ. ಬಡಿಯಬಹುದು, ಮೊದಲಿನಂತೆ ಅಲ್ಲ. ಇಷ್ಟೇ ನನಗೆ ತಿಳಿದದ್ದು.

ಕಾವಲು ಕಣಗಳನ್ನು ಮೆಚ್ಚಿ ನಿಮಗೆ ಎಷ್ಟೊಂದು ಬರೆದೆ. ಅವು ಮರೆಯದೆ ನೆನಪಿಡುತ್ತವೆ, ನಿಜ. ಹೆದರಿದ ಮೇಲೆ ಮತ್ತೆ ಕೈ ಚಾಚುವುದು ಅವಕ್ಕೆ ಬರುತ್ತದೆಯೋ ಗೊತ್ತಿಲ್ಲ. ನಿಮಗೆ ಬಂತು. ಅದನ್ನು ಯಾವ ಪುಟದಲ್ಲಿ ಓದಲಿ ಅತ್ತಿ?

ನಿಮ್ಮವಳೇ ಆದ,
ಗಂಗಾ

*

ಸಿಂಧನೂರು
24 ಡಿಸೆಂಬರ್ 2025

ಗಂಗಾ,

ಹೋದ ವಾರ ಎಳ್ಳ ಅಮಾಸಿ ಹಬ್ಬದ ಮುಂದ ಗಿರಾಕಿ ಬಹಳ ಇದ್ರು. ಲಾಲ್‌ಬೀ ಒಬ್ಬಾಕಿ ಬಡದು ಬಡದು ಸೋತಿದ್ಲು. ಯಾರಿಗೂ ಕೇಳದ ಹಲಗಿ ತಂದು ಕುಂತೆ. ದುರ್ಗಾದೇವಿ ಬಾಯಿ ತಗದ್ಲು, ಲಾಲ್‌ಬೀ ಅಕಿಗೆ ಕಣ್ಣು ಹೊಡದು ಸುಮ್ನ ಮಾಡಿದ್ಲು.

ನಾಕು ಬೆರಳು ಮಾತು ಕೇಳಿದ್ವು. ನಡುಬೆರಳು ಮಾತ್ರ ಕೊಕ್ಕಿ ಹಂಗ ಬಾಗೇ ಇತ್ತು. ರೊಟ್ಟಿ ತಿರುಗಿಸಿದಾಗೊಮ್ಮೆ ಅದರ ಗೆಣ್ಣು ತಾಗಿ, ಅಂಚಿಗೆ ಒಂದು ಸಣ್ಣ ತಗ್ಗು ಬೀಳಾಕತ್ತು. ತಿದ್ದಿದೆ, ಮತ್ತ ಬಿತ್ತು. ಕೆಟ್ಟ ರೊಟ್ಟಿ ಮನಿಗೆ ಇರ್ಲಿ ಅಂತ ಬಾಜೂಕ ಇಟ್ಟೆ.

ಒಬ್ಬ ಗಿರಾಕಿ ಅದನ್ನ ಎತ್ತಿ ನೋಡಿ, "ಇದೇನ್ರಿ, ಏಟು ಬಿದ್ದೈತಿ?" ಅಂದ.

ಲಾಲ್‌ಬೀ ತಲಿ ಎತ್ತಲಿಲ್ಲ. "ಏಟಲ್ರೀ, ಅದು ಜಂಬಮ್ಮನ ಸಿಕ್ಕಾ, ನಮ್ಮ ಅಂಗಡಿ ಮುದ್ರಿ. ಊರಾಗ ಎಲ್ಲಾರೂ ನಮ್ಮ ರೊಟ್ಟಿ ಅಂತ ಹೇಳಿ ಮಾರಾಕತ್ಯಾರ. ಇನ್ನ ಮ್ಯಾಲ ನಕಲಿ ಮಾಡಾಕ ಬರಂಗಿಲ್ಲ" ಅಂದ್ಲು.

ಅವ, "ಹಂಗಾದ್ರ ಸಿಕ್ಕಾ ಇದ್ದಾವ ಕೊಡ್ರಿ" ಅಂದ.

ನಾ ಮುಂದಿನ ಹಿಟ್ಟಿನ ಉಂಡಿ ತಗೊಂಡೆ.

ಇವತ್ತು ಬುಧವಾರ. ಉಂಡು, ಗುಳಿಗಿ ನುಂಗಿ ಇದನ್ನ ಬರ್ಯಾಕ ಕುಂತೀನಿ. ಬಾಳ ಬರೀಬೇಕಂತಿದ್ದೆ. ಲಾಲ್‌ಬೀ ಕರ್ಯಾಕತ್ಯಾಳ, ಹಂಚು ಕಾದೈತಿ.

ಜಂಬತ್ತಿ